ನಾವಾಸನ: ಬೆನ್ನು ಕುಸಿಯದಂತೆ ಮಾಡುವ ಕ್ರಮ

ನಾವಾಸನ ಎಂದರೆ ದೋಣಿಯ ಆಕಾರದ ಆಸನ. ಕುಳಿತಲ್ಲೇ ಹಿಂದಕ್ಕೆ ವಾಲಿ, ಕಾಲುಗಳನ್ನು ಎತ್ತಿ, ಪೃಷ್ಠದ ಮೇಲಷ್ಟೇ ದೇಹವನ್ನು ನಿಲ್ಲಿಸುವುದು ಇದರ ರೀತಿ. ಸಲಕರಣೆ ಏನೂ ಬೇಡ. ಹೊಟ್ಟೆ ಮತ್ತು ಸೊಂಟದ ಬಲ, ದೇಹದ ಸಮತೋಲನ ಎರಡನ್ನೂ ಒಟ್ಟಿಗೆ ಬೆಳೆಸುವ ವ್ಯಾಯಾಮವಿದು.

ಯಾಲಾಲ್, ತಾಂಡೂರು ಕಡೆಯ ನಮ್ಮವರಲ್ಲಿ ತೊಗರಿ ಹೊಲದಲ್ಲಿ ಬಗ್ಗಿ ದುಡಿಯುವವರಿದ್ದಾರೆ, ಪರಸಿ ಕಲ್ಲು ಎತ್ತುವವರಿದ್ದಾರೆ, ದಿನವಿಡೀ ಅಂಗಡಿಯಲ್ಲಿ ಕೂರುವವರೂ ಇದ್ದಾರೆ. ಈ ಎಲ್ಲ ಕೆಲಸಗಳಲ್ಲೂ ಭಾರ ಬೀಳುವುದು ಸೊಂಟದ ಮೇಲೆ. ನಾವಾಸನವನ್ನು ಸರಿಯಾಗಿ ಮಾಡಿದರೆ ಸೊಂಟಕ್ಕೆ ಆಸರೆಯಾಗುವ ಸ್ನಾಯುಗಳು ಗಟ್ಟಿಯಾಗುತ್ತವೆ. ತಪ್ಪಾಗಿ ಮಾಡಿದರೆ ಇದ್ದ ನೋವು ಹೆಚ್ಚಬಹುದು. ಆದ್ದರಿಂದ ಕ್ರಮವನ್ನು ಬಿಡಿಸಿ ಕೊಡುತ್ತಿದ್ದೇವೆ.

ಕನ್ನಡ ನಾಡಿನ ನಂಟು

ಇಂದು ಜಗತ್ತಿನೆಲ್ಲೆಡೆ ಕಲಿಸುವ ನಾವಾಸನಕ್ಕೆ ಮೈಸೂರಿನ ನಂಟಿದೆ. ಅಲ್ಲಿ ಟಿ. ಕೃಷ್ಣಮಾಚಾರ್ಯರ ಬಳಿ ಕಲಿತವರಲ್ಲಿ ಕೋಲಾರ ಸೀಮೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಮತ್ತು ಹಾಸನ ಸೀಮೆಯ ಕೌಶಿಕದ ಕೆ. ಪಟ್ಟಾಭಿ ಜೋಯಿಸರು ಪ್ರಮುಖರು. ಅಯ್ಯಂಗಾರರು 1966ರಲ್ಲಿ ಪ್ರಕಟವಾದ ‘ಲೈಟ್ ಆನ್ ಯೋಗ’ದಲ್ಲಿ ಪರಿಪೂರ್ಣ ನಾವಾಸನ, ಅರ್ಧ ನಾವಾಸನ ಎಂಬ ಎರಡು ಬಗೆಗಳನ್ನು ವಿವರಿಸಿದ್ದಾರೆ. ಜೋಯಿಸರ ಅಷ್ಟಾಂಗ ಪದ್ಧತಿಯ ಮೊದಲ ಸರಣಿಯಲ್ಲಿ ಇದನ್ನು ಐದು ಸಲ ಮಾಡಿಸುತ್ತಾರೆ.

ಸಿದ್ಧತೆ

ಊಟವಾಗಿ ಮೂರು–ನಾಲ್ಕು ಗಂಟೆ ಕಳೆದಿರಬೇಕು. ನಮ್ಮ ಮನೆಗಳ ಪರಸಿ ನೆಲ ಗಟ್ಟಿ, ನುಣುಪು. ಬರಿ ನೆಲದಲ್ಲಿ ಮಾಡಿದರೆ ಮೂಳೆ ಒತ್ತುತ್ತದೆ. ಕೌದಿ ಅಥವಾ ಜಮಖಾನವನ್ನು ಮಡಚಿ, ಜಾರದಂತೆ ಹಾಸಿಕೊಳ್ಳಿ.

ಮಾಡುವ ಕ್ರಮ

1. ಮಂಡಿ ಮಡಚಿ, ಪಾದಗಳನ್ನು ನೆಲಕ್ಕೂರಿ ನೇರವಾಗಿ ಕೂರಿ. ತೊಡೆಗಳ ಹಿಂಭಾಗವನ್ನು ಕೈಗಳಿಂದ ಹಿಡಿಯಿರಿ.
2. ಎದೆಯನ್ನು ಮೇಲೆತ್ತಿ, ಬೆನ್ನು ನೇರವಾಗಿಟ್ಟುಕೊಂಡು ತುಸು ಹಿಂದಕ್ಕೆ ವಾಲಿ. ಭಾರ ಪೃಷ್ಠದ ಎರಡು ಮೂಳೆಗಳ ಮೇಲಿರಲಿ, ಬಾಲದ ಮೂಳೆಯ ಮೇಲೆ ಬೀಳಬಾರದು.
3. ಉಸಿರು ಬಿಡುತ್ತ ಒಂದೊಂದೇ ಪಾದ ಎತ್ತಿ. ಮೊಣಕಾಲಿನಿಂದ ಪಾದದವರೆಗಿನ ಭಾಗ ನೆಲಕ್ಕೆ ಸಮಾನಾಂತರವಾಗಲಿ. ಹೊಸಬರು ಇಲ್ಲೇ ನಿಲ್ಲಬೇಕು.
4. ಅದು ಸುಲಭವಾದ ಮೇಲೆ ತೊಡೆ ಬಿಟ್ಟು, ಕೈಗಳನ್ನು ನೆಲಕ್ಕೆ ಸಮಾನಾಂತರವಾಗಿ ಮುಂದೆ ಚಾಚಿ.
5. ಬೆನ್ನು ಬಾಗದಿದ್ದರೆ ಮಾತ್ರ ಕಾಲು ನೇರ ಮಾಡಿ. ಆಗ ಪಾದಗಳು ತಲೆಗಿಂತ ತುಸು ಮೇಲಿರುತ್ತವೆ.
6. ಇಳಿಯುವಾಗ ಮಂಡಿ ಮಡಚಿ, ಪಾದಗಳನ್ನು ನಿಧಾನವಾಗಿ ನೆಲಕ್ಕಿಡಿ.

ಮೊದಲ ವಾರಗಳಲ್ಲಿ ನಾಲ್ಕೈದು ಉಸಿರಿನಷ್ಟು ಹೊತ್ತು, ಮೂರು ಸಲ ಸಾಕು. ನಡುನಡುವೆ ವಿಶ್ರಾಂತಿ ಇರಲಿ.

ಸಾಮಾನ್ಯ ತಪ್ಪುಗಳು

ಮುಖ್ಯವಾದದ್ದು, ಕಾಲು ನೇರ ಮಾಡುವ ಆತುರದಲ್ಲಿ ಬೆನ್ನನ್ನು ಗೂನು ಮಾಡುವುದು. ತೊಡೆಯನ್ನು ಎತ್ತುವ ದೊಡ್ಡ ಸ್ನಾಯು ಸೊಂಟದ ಕಶೇರುಗಳಿಂದಲೇ ಹೊರಟು ತೊಡೆಮೂಳೆಯನ್ನು ಸೇರುತ್ತದೆ. ಕಾಲು ಚಾಚಿದಷ್ಟೂ ಅದರ ಎಳೆತ ಹೆಚ್ಚು. ಆ ಎಳೆತವನ್ನು ಹೊಟ್ಟೆಯ ಸ್ನಾಯುಗಳು ತಡೆಯದಿದ್ದರೆ ಸೊಂಟವೇ ತಾಳಬೇಕಾಗುತ್ತದೆ. ಮಂಡಿ ಮಡಚಿದರೆ ಹೊರೆ ಇಳಿಯುತ್ತದೆ. ನೇರ ಬೆನ್ನು, ಮಡಚಿದ ಕಾಲು ಸರಿಯಾದ ನಾವಾಸನವೇ. ನೇರ ಕಾಲು, ಗೂನು ಬೆನ್ನು ಅಲ್ಲ.

ಉಸಿರು ಕಟ್ಟುವುದು ಇನ್ನೊಂದು ತಪ್ಪು. ಇದರಿಂದ ರಕ್ತದೊತ್ತಡ ಏರುತ್ತದೆ. ಆಸನದಲ್ಲಿದ್ದಾಗ ಮೆಲ್ಲಗೆ ಎಣಿಸಲು ಆಗುತ್ತಿದ್ದರೆ ಉಸಿರು ಸರಿಯಾಗಿದೆ ಎಂದರ್ಥ. ಭುಜಗಳನ್ನು ಕಿವಿಯತ್ತ ಎಳೆದುಕೊಳ್ಳುವುದು, ಕತ್ತು ಬಿಗಿಯುವುದೂ ಬೇಡ. ನೋಟ ಕಾಲ್ಬೆರಳುಗಳ ಮೇಲಿರಲಿ.

ಯಾರು ಮಾಡಬಾರದು

ಗರ್ಭಿಣಿಯರು, ಇತ್ತೀಚೆಗೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರು, ಹರ್ನಿಯಾ ಅಥವಾ ಡಿಸ್ಕ್ ತೊಂದರೆ ಇರುವವರು ಮಾಡಬಾರದು. ಹೃದ್ರೋಗ, ಅಧಿಕ ರಕ್ತದೊತ್ತಡ, ಮೂಳೆ ಸವೆತ ಇರುವವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಹೊಟ್ಟೆಯ ಸ್ನಾಯು ನಡುಗುವುದು ಸಹಜ. ಆದರೆ ಸೊಂಟದಲ್ಲಿ ಚುಚ್ಚಿದಂತಾದರೆ, ನೋವು ಕಾಲಿಗೆ ಇಳಿದರೆ ಅಲ್ಲಿಗೇ ನಿಲ್ಲಿಸಿ.

ಮನೆಯಲ್ಲಿ ಒಬ್ಬರು ಆಸನ ಮಾಡುವಾಗ ಇನ್ನೊಬ್ಬರು ಪಕ್ಕದಿಂದ ಬೆನ್ನನ್ನು ಗಮನಿಸಲಿ. ಬೆನ್ನು ಗೂನಾದ ಕ್ಷಣವೇ ಕಾಲು ಇಳಿಸುವ ಹೊತ್ತು.