ಮನೆ ಬಿಡುವಾಗ ಉಳಿಯುವ ಸಾಮಾನು: ಇಂಡಸ್ಟ್ರಿಯಲ್ ಏರಿಯಾದ ಒಂದು ಚರಿತ್ರೆ

ಕನ್ನಡದ ‘ಹರಾಜು’ ಎಂಬ ಪದ ಅರಬ್ಬಿ ಮೂಲದ್ದು. ಉರ್ದುವಿನ ಮೂಲಕ ನಮ್ಮ ಕಚೇರಿಗಳಿಗೂ ಮಂಡಿಗಳಿಗೂ ಬಂದು ನೆಲೆಸಿದ ಈ ಪದ ದೋಹಾಕ್ಕೆ ಬಂದ ಕನ್ನಡಿಗರಿಗೆ ನಜ್ಮಾ ಪ್ರದೇಶದಲ್ಲಿ ಮತ್ತೆ ಎದುರಾಯಿತು. ಅಲ್ಲಿನ ಸೂಕ್ ಅಲ್ ಹರಾಜ್ ಹಳೆಯ ಮಂಚ, ಸೋಫಾ, ಕಪಾಟು, ಫ್ರಿಜ್ಜುಗಳ ಮಾರುಕಟ್ಟೆಯೆಂದು ಬಹುಕಾಲದಿಂದ ಹೆಸರಾದದ್ದು. ಊರಿಗೆ ಹೊರಟ ಕುಟುಂಬಗಳು ಬಿಟ್ಟುಹೋಗುವ ಸಾಮಾನು ಇಂತಹ ಅಂಗಡಿಗಳಿಂದಲೋ ಪರಿಚಿತರ ಕೈಯಿಂದಲೋ ಇಂಡಸ್ಟ್ರಿಯಲ್ ಏರಿಯಾದ ಕೋಣೆಗಳನ್ನು ಸೇರುವುದುಂಟು. ನಗರದ ನೈಋತ್ಯ ಅಂಚಿನಲ್ಲಿ, ಸಲ್ವಾ ರಸ್ತೆಗೆ ತಾಗಿಕೊಂಡಿರುವ ಈ ಪ್ರದೇಶದಲ್ಲಿ ಗ್ಯಾರೇಜು, ಗೋದಾಮು, ಕಾರ್ಖಾನೆಗಳ ನಡುವೆಯೇ ಕಾರ್ಮಿಕರ ವಸತಿಗಳೂ ಇವೆ. ಬೀದಿಗಳಿಗೆ ಹೆಸರಿಗಿಂತ ಸಂಖ್ಯೆಯೇ ಗುರುತು.

ಮನೆ ಬದಲಿಸುವಾಗ ಯಾವುದು ಬೇಕು, ಯಾವುದು ಬೇಡ ಎಂಬುದು ನಮ್ಮ ಇಚ್ಛೆಗೆ ಬಿಟ್ಟ ವಿಷಯವೆಂದು ನಾವು ಭಾವಿಸುತ್ತೇವೆ. ಕೊಲ್ಲಿಯ ಕನ್ನಡಿಗರ ಇತಿಹಾಸ ಬೇರೆಯದನ್ನೇ ಹೇಳುತ್ತದೆ. ಇಲ್ಲಿ ಅದನ್ನು ಬಹುಮಟ್ಟಿಗೆ ತೀರ್ಮಾನಿಸಿದ್ದು ಪ್ರಯಾಣದ ಸೌಕರ್ಯ, ಸುಂಕದ ನಿಯಮ ಮತ್ತು ವಸತಿಯ ಕಾನೂನು.

ದುಖಾನಿನ ತೈಲ ಮೊದಲ ಬಾರಿಗೆ ರಫ್ತಾದದ್ದು 1949ರ ಕೊನೆಯಲ್ಲಿ. ಆಗ ಕತಾರಿನಲ್ಲಿ ಚಲಾವಣೆಯಲ್ಲಿದ್ದುದು ಭಾರತದ ರೂಪಾಯಿ. 1959ರಲ್ಲಿ ಭಾರತೀಯ ರಿಸರ್ವ್ ಬ್ಯಾಂಕ್ ಕೊಲ್ಲಿ ಪ್ರದೇಶಕ್ಕೆಂದೇ ಪ್ರತ್ಯೇಕ ನೋಟುಗಳನ್ನು ಹೊರಡಿಸಿತು. 1966ರವರೆಗೆ ಅವು ಇಲ್ಲಿ ನಡೆದವು. ಮುಂಬಯಿಗೂ ಕೊಲ್ಲಿಯ ಬಂದರುಗಳಿಗೂ ನಡುವೆ ಬ್ರಿಟಿಷ್ ಇಂಡಿಯಾ ಕಂಪನಿಯ ಹಡಗುಗಳು ಓಡಾಡುತ್ತಿದ್ದವು. ಅವುಗಳಲ್ಲಿ ಕೊನೆಯದಾದ ‘ದ್ವಾರಕಾ’ 1982ರಲ್ಲಿ ಸಂಚಾರ ನಿಲ್ಲಿಸಿತು. ನಮ್ಮ ಕರಾವಳಿಯವರು ಮೊದಲು ಮುಂಬಯಿ ಸೇರಿ, ಅಲ್ಲಿಂದ ಹಡಗನ್ನೋ ವಿಮಾನವನ್ನೋ ಹಿಡಿಯಬೇಕಿದ್ದ ಕಾಲವದು.

ಆ ತಲೆಮಾರಿನವರಿಗೆ ಬೇಡವಾದ ವಸ್ತು ಎಂಬುದು ಇರಲಿಲ್ಲವೆಂದೇ ಹೇಳಬೇಕು. ಭಾರತದಲ್ಲಿ ಆಮದಿನ ಮೇಲೆ ಬಿಗಿಯಾದ ನಿರ್ಬಂಧವಿತ್ತು. ಟೂ ಇನ್ ಒನ್, ಕೈಗಡಿಯಾರ, ಫ್ಲಾಸ್ಕು, ದಪ್ಪ ಕಂಬಳಿ, ಮುಂದೆ ವಿಸಿಆರ್ ಇವೆಲ್ಲ ಊರಿನ ಪೇಟೆಯಲ್ಲಿ ಸುಲಭವಾಗಿ ಸಿಗುತ್ತಿರಲಿಲ್ಲ. ಸಿಕ್ಕರೂ ಬೆಲೆ ಕೈಗೆಟುಕುತ್ತಿರಲಿಲ್ಲ. ಇಲ್ಲಿ ಬಳಸಿ ಹಳತಾದದ್ದು ಅಲ್ಲಿ ಹೊಸದೇ. ಅಕ್ಕನಿಗೊಂದು, ಭಾವನಿಗೊಂದು, ನೆರೆಮನೆಯವರಿಗೊಂದು ಎಂದು ಹಂಚುವುದರಲ್ಲಿ ಟ್ರಂಕು ಬರಿದಾಗುತ್ತಿತ್ತು.

1991ರ ಆರ್ಥಿಕ ಉದಾರೀಕರಣದ ಅನಂತರ ಈ ಲೆಕ್ಕಾಚಾರ ನಿಧಾನವಾಗಿ ತಲೆಕೆಳಗಾಯಿತು. ದೋಹಾದಲ್ಲಿ ದೊರೆಯುವುದೆಲ್ಲ ಮಂಗಳೂರಿನಲ್ಲಿಯೂ ಹುಬ್ಬಳ್ಳಿಯಲ್ಲಿಯೂ ದೊರೆಯತೊಡಗಿತು. ಕೊನೆಯವರೆಗೂ ಉಳಿದಿದ್ದ ಆಕರ್ಷಣೆಯೆಂದರೆ ಚಪ್ಪಟೆ ಪರದೆಯ ಟಿವಿ. 2013ರ ಆಗಸ್ಟ್ 26ರಿಂದ ಭಾರತ ಸರ್ಕಾರ ಪ್ರಯಾಣಿಕರು ತರುವ ಇಂತಹ ಟಿವಿಗಳಿಗಿದ್ದ ಸುಂಕರಹಿತ ಸೌಲಭ್ಯವನ್ನು ಹಿಂತೆಗೆದುಕೊಂಡು ಶೇ. 36.05 ಸುಂಕವನ್ನು ವಿಧಿಸಿತು. ಎರಡು ವರ್ಷ ಹೊರದೇಶದಲ್ಲಿದ್ದು ಶಾಶ್ವತವಾಗಿ ಮರಳುವವರ ಬಳಸಿದ ಗೃಹೋಪಯೋಗಿ ವಸ್ತುಗಳಿಗೆ 2016ರ ಬ್ಯಾಗೇಜು ನಿಯಮಗಳು 5 ಲಕ್ಷ ರೂಪಾಯಿಯವರೆಗೆ ರಿಯಾಯಿತಿ ನೀಡಿದವು, ನಿಜ. ಆದರೆ ಸಾಗಣೆಯ ವೆಚ್ಚವನ್ನೂ ಸೇರಿಸಿ ನೋಡಿದರೆ ಹಳೆಯ ಸೋಫಾ ಊರು ಸೇರುವುದು ಅಪರೂಪವೇ. ಒಂದು ಕಾಲದಲ್ಲಿ ಸಂಪತ್ತಾಗಿದ್ದುದು ಹೊರೆಯಾಯಿತು.

ಇದು ಕುಟುಂಬಗಳ ಕಥೆ. ಕಾರ್ಮಿಕನ ಕಥೆ ಬೇರೆ. ಕುಟುಂಬ ತಾನಾಗಿ ಮನೆ ಬದಲಿಸುತ್ತದೆ. ಕಾರ್ಮಿಕನ ವಸತಿಯನ್ನು ಬೇರೆಯವರು ಬದಲಿಸುತ್ತಾರೆ. 2010ರ 15ನೆಯ ಕಾನೂನು ಕುಟುಂಬಗಳು ವಾಸಿಸುವ ಬಡಾವಣೆಗಳಲ್ಲಿ ಕಾರ್ಮಿಕರ ವಸತಿಯನ್ನು ನಿಷೇಧಿಸಿತು. ಅದೇ ವರ್ಷದ ಜನವರಿಯಲ್ಲಿ ನಗರದ ನಡುವಿನ ಮುಶೈರಿಬ್ ಪುನರ್ನಿರ್ಮಾಣಕ್ಕೆ ಶಂಕುಸ್ಥಾಪನೆ ನಡೆಯಿತು. ದಕ್ಷಿಣ ಏಷ್ಯಾದ ದುಡಿಮೆಗಾರರು ನೆಲೆಸಿದ್ದ ಹಳೆಯ ಕೇರಿಗಳು ಅಲ್ಲಿ ಇಲ್ಲವಾದವು. ಹೀಗೆ ನಗರದ ಒಳಗಿದ್ದ ಕೋಣೆಗಳು ಬರಿದಾದಂತೆ ಇಂಡಸ್ಟ್ರಿಯಲ್ ಏರಿಯಾ ಮತ್ತು ಅದರ ಆಸುಪಾಸಿನ ವಸತಿಗಳ ಮೇಲೆ ಭಾರ ಹೆಚ್ಚಿತು. 2015ರಲ್ಲಿ ಅದರ ಪಕ್ಕದಲ್ಲಿಯೇ ಸುಮಾರು 70,000 ಮಂದಿಗಾಗಿ ಕಟ್ಟಿದ ಲೇಬರ್ ಸಿಟಿ ಆರಂಭವಾಯಿತು. ಕಂಪನಿಯ ಬಸ್ಸು ಬಾಗಿಲಿಗೆ ಬಂದಾಗ ಪೆಟ್ಟಿಗೆ, ಚಾಪೆ, ಹೊದಿಕೆ ಹಿಡಿದು ಹೊರಡುವುದಷ್ಟೆ. ನಾಲ್ಕಾರು ಮಂದಿ ಹಣ ಕೂಡಿಸಿ ಕೊಂಡ ಫ್ರಿಜ್ಜಾಗಲಿ, ಅನ್ನ ಬೇಯಿಸುವ ಕುಕ್ಕರಾಗಲಿ ಹೊಸ ಕೋಣೆಯಲ್ಲಿ ಜಾಗ ಸಿಗದಿದ್ದರೆ ಹಿಂದೆಯೇ ಉಳಿಯಬೇಕು. ಅದು ಬೇಡವೆಂದು ಬಿಟ್ಟದ್ದಲ್ಲ.

2020ರ ಮಾರ್ಚ್ 17ರಂದು, ಕೊರೋನಾ ಸೋಂಕು ಹರಡುತ್ತಿದ್ದಾಗ, ಇಂಡಸ್ಟ್ರಿಯಲ್ ಏರಿಯಾದ 1ರಿಂದ 32ರವರೆಗಿನ ಬೀದಿಗಳನ್ನು ಮುಚ್ಚಲಾಯಿತು. ಮೇ ತಿಂಗಳಿಂದ ಹಂತಹಂತವಾಗಿ ತೆರೆಯಲಾಯಿತು. ಅದೇ ಮೇ 7ರಂದು ಭಾರತ ಸರ್ಕಾರದ ‘ವಂದೇ ಭಾರತ್’ ವಿಮಾನಗಳು ಆರಂಭಗೊಂಡವು. ಕೆಲಸ ಕಳೆದುಕೊಂಡು ಆ ವಿಮಾನಗಳನ್ನು ಹತ್ತಿದವರಿಗೆ ಸಾಮಾನು ಮಾರಲು ಸಮಯವೂ ಇರಲಿಲ್ಲ, ಕೊಳ್ಳುವವರೂ ಇರಲಿಲ್ಲ. ವರ್ಷಗಟ್ಟಲೆ ಬಾಳಿದ ಬದುಕು ಒಂದು ಸೂಟ್‌ಕೇಸಿನ ತೂಕಕ್ಕೆ ಇಳಿಯಿತು.

ಅದೇ ವರ್ಷದ ಕೊನೆಯ ಭಾಗದಲ್ಲಿ ಇನ್ನೊಂದು ಬದಲಾವಣೆಯಾಯಿತು. ಕೆಲಸ ಬದಲಿಸಲು ಹಿಂದಿನ ಮಾಲೀಕನ ನಿರಾಕ್ಷೇಪಣಾ ಪತ್ರ ಬೇಕೆಂಬ ನಿಯಮವನ್ನು ಕತಾರ್ ಕೈಬಿಟ್ಟಿತು. 2021ರ ಮಾರ್ಚ್ 20ರಿಂದ ತಿಂಗಳಿಗೆ 1,000 ರಿಯಾಲಿನ ಕನಿಷ್ಠ ವೇತನ ಜಾರಿಗೆ ಬಂದಿತು. ವಸತಿ, ಊಟ ಒದಗಿಸದ ಮಾಲೀಕರು ಅವಕ್ಕಾಗಿ ಕ್ರಮವಾಗಿ 500 ಮತ್ತು 300 ರಿಯಾಲು ಕೊಡಬೇಕು. ಒಂದು ಕೆಲಸ ಮುಗಿದರೆ ದೇಶವನ್ನೇ ಬಿಡಬೇಕಾಗಿದ್ದವನಿಗೆ ಈಗ ಇನ್ನೊಂದು ಕೆಲಸ, ಇನ್ನೊಂದು ಕೋಣೆ ಹುಡುಕಿಕೊಳ್ಳುವ ದಾರಿಯಾದರೂ ತೆರೆದಿದೆ. ಆದರೆ 1,000 ರಿಯಾಲಿನಲ್ಲಿ ಊರಿಗೂ ಕಳುಹಿಸಿ ಉಳಿದುದರಲ್ಲಿ ಹೊಸ ಸಾಮಾನು ಕೊಳ್ಳುವುದು ಸುಲಭವಲ್ಲ. ನಮ್ಮ ಮನೆಯ ಹಳೆಯ ವಸ್ತುವಿಗೆ ಮೌಲ್ಯ ಬರುವುದು ಇಲ್ಲಿಯೇ.

ಊರಿನಲ್ಲಿ ಹಳೆಯ ಬಟ್ಟೆ ಕೊಟ್ಟು ಸ್ಟೀಲ್ ಪಾತ್ರೆ ಪಡೆಯುತ್ತಿದ್ದ ನಮ್ಮ ತಾಯಂದಿರು ಪಾತ್ರೆಯವಳೊಡನೆ ಎಷ್ಟೇ ಚೌಕಾಶಿ ಮಾಡಿದರೂ ಬಟ್ಟೆಯನ್ನು ಒಗೆದು ಮಡಚಿಯೇ ಕೊಡುತ್ತಿದ್ದರು. ತೆಗೆದುಕೊಳ್ಳುವವರ ಮರ್ಯಾದೆ ಅದರಲ್ಲಿತ್ತು. ಶಾಲೆಯ ರಜೆ ಹತ್ತಿರವಾದಂತೆ ಇಲ್ಲಿಂದ ಹೊರಡುವ ಕುಟುಂಬಗಳು ಇದನ್ನು ನೆನೆಯಬಹುದು. ಕೊನೆಯ ರಾತ್ರಿಯವರೆಗೆ ಕಾಯದೆ ಒಂದು ತಿಂಗಳು ಮೊದಲೇ ಪಟ್ಟಿ ಮಾಡಿದರೆ ಬೇಕಾದವರು ಸಿಗುತ್ತಾರೆ. ಕೊಡುವ ಮುನ್ನ ಅವರ ಕೋಣೆಯಲ್ಲಿ ಅದಕ್ಕೆ ಜಾಗವೂ ಅನುಮತಿಯೂ ಉಂಟೇ ಎಂದು ಕೇಳುವುದು ಒಳ್ಳೆಯದು. ಒಯ್ಯುವ ಬಾಡಿಗೆಯನ್ನು ನಾವೇ ಭರಿಸಿದರೆ ಇನ್ನೂ ಒಳ್ಳೆಯದು. ಫ್ರಿಜ್ಜು ಚಾಲನೆಯಲ್ಲಿರಲಿ, ಕಂಬಳಿ ಒಗೆದಿರಲಿ. ಕೆಟ್ಟುಹೋದದ್ದು ಕಸಕ್ಕೇ ಹೋಗಲಿ. ಮೆಸಯೀದಿನಲ್ಲಿ 2011ರಿಂದ ಗೃಹತ್ಯಾಜ್ಯ ಸಂಸ್ಕರಣಾ ಕೇಂದ್ರವಿದೆ. ಬಡವನಿಗೆ ಕೊಟ್ಟೆವೆಂಬ ಹೆಸರಿನಲ್ಲಿ ನಮ್ಮ ಕಸವನ್ನು ಅವನ ಬಾಗಿಲಿಗೆ ಸಾಗಿಸುವುದು ದಾನವಲ್ಲ.

ಇಂಡಸ್ಟ್ರಿಯಲ್ ಏರಿಯಾದ ಕೋಣೆಗೆ ಇಂದು ಹೋಗುವ ಫ್ರಿಜ್ಜು ನಾಳೆ ಅಲ್ಲಿಂದಲೂ ಹೊರಡಬೇಕಾದೀತು. ಆಗ ಅದನ್ನು ಮುಂದಿನವನಿಗೆ ದಾಟಿಸಲು ಬೇಕಾದಷ್ಟು ಸಮಯವೂ ಆಯ್ಕೆಯೂ ಅವನಿಗೂ ಇರಲಿ ಎಂಬುದು ನಮ್ಮ ಹಾರೈಕೆ.