ಗಣಕಭಾಷೆಗಳಲ್ಲಿ ಅನ್ಯೋನ್ಯಾಶ್ರಯ

ನ್ಯಾಯಶಾಸ್ತ್ರದಲ್ಲಿ ಅನ್ಯೋನ್ಯಾಶ್ರಯವು ಒಂದು ದೋಷವೆಂದು ಪರಿಗಣಿತವಾಗಿದೆ. ಮೊದಲನೆಯದರ ಸಿದ್ಧಿಗೆ ಎರಡನೆಯದೂ ಎರಡನೆಯದರ ಸಿದ್ಧಿಗೆ ಮೊದಲನೆಯದೂ ಬೇಕಾದಲ್ಲಿ ಎರಡೂ ಸಿದ್ಧಿಸಲಾರವು. ಗಣಕಯಂತ್ರಗಳಿಗಾಗಿ ರಚಿತವಾದ ಫಲನಪ್ರಧಾನ ಭಾಷೆಗಳಲ್ಲಾದರೋ ಇದೇ ಸಂಬಂಧವು ಗುಣವಾಗಿ ಪರಿಣಮಿಸಿರುವುದು. ಫಂಕ್ಷನ್ ಎಂದು ಪ್ರಸಿದ್ಧವಾದ ಫಲನಗಳು ಒಂದನ್ನೊಂದು ಕರೆಯುವ ಈ ಪದ್ಧತಿಯು ನೆಲೆಗೊಂಡ ಬಗೆಯು ವಿಚಾರಾರ್ಹವಾಗಿದೆ.

ಸೊನ್ನೆಯು ಸಮಸಂಖ್ಯೆ, ಬೇರೆ ಯಾವ ಪೂರ್ಣಸಂಖ್ಯೆಯೇ ಆಗಲಿ, ಅದಕ್ಕಿಂತ ಒಂದು ಕಡಮೆಯಾದುದು ಬೆಸವಾಗಿದ್ದರೆ ಅದು ಸಮವೆನಿಸುವುದು. ಸೊನ್ನೆಯು ಬೆಸವಲ್ಲ, ಬೇರೆ ಸಂಖ್ಯೆಯು, ಅದಕ್ಕಿಂತ ಒಂದು ಕಡಮೆಯಾದುದು ಸಮವಾಗಿದ್ದರೆ, ಬೆಸವೆನಿಸುವುದು. ಈ ಎರಡು ಲಕ್ಷಣಗಳು ಪರಸ್ಪರಾಶ್ರಿತವಾಗಿದ್ದರೂ ಹೆಜ್ಜೆಹೆಜ್ಜೆಗೂ ಸಂಖ್ಯೆಯು ಇಳಿದು ಕಡೆಗೆ ಸೊನ್ನೆಯಲ್ಲಿ ನಿಲ್ಲುವುದರಿಂದ ದೋಷವಿಲ್ಲ. ಆದುದರಿಂದ ತೊಡಕಿರುವುದು ಗಣನೆಯಲ್ಲಲ್ಲ, ಹೆಸರಿನಲ್ಲಿ. ಮೊದಲನೆಯ ಫಲನವನ್ನು ಬರೆಯುವಾಗ ಎರಡನೆಯದರ ಹೆಸರು ಇನ್ನೂ ಹುಟ್ಟಿರುವುದಿಲ್ಲ.

ಜಾನ್ ಮೆಕಾರ್ಥಿಯವರು 1960ರಲ್ಲಿ ಲಿಸ್ಪ್ ಭಾಷೆಯನ್ನು ವಿವರಿಸಿದ ಲೇಖನದಲ್ಲಿ ‘ಲೇಬಲ್’ ಎಂಬ ಸಂಕೇತವುಂಟು. ಅದು ಒಂದು ಫಲನದ ಹೆಸರನ್ನು ಆ ಫಲನದೊಳಗೇ ತಿಳಿಯಪಡಿಸುವುದು. ಜೋಡಿಗೆ ನೇರವಾಗಿ ಒದಗದು. ಆದರೂ 1962ರ ಲಿಸ್ಪ್ 1.5 ಕೈಪಿಡಿಯಲ್ಲಿ, ಆ ಭಾಷೆಯ ಅರ್ಥವನ್ನೇ ನಿರ್ಣಯಿಸುವ ‘ಇವ್ಯಾಲ್’, ‘ಅಪ್ಲೈ’ ಎಂಬ ಫಲನಗಳು ಒಂದನ್ನೊಂದು ಕರೆಯುತ್ತವೆ. ಅಲ್ಲಿ ಹೆಸರಿನ ಅರ್ಥವನ್ನು ಕರೆಯುವ ಕಾಲದಲ್ಲಿ ಹುಡುಕುತ್ತಿದ್ದುದರಿಂದ ಯಾವುದು ಮೊದಲೆಂಬ ಪ್ರಶ್ನೆಯೇ ಏಳಲಿಲ್ಲ. ಆದರೆ ಹೆಸರು ತಪ್ಪಿದ್ದರೆ ಅದು ಹೊರಬೀಳುತ್ತಿದ್ದುದೂ ಆಗಲೇ.

ಆಂಗ್ಲ ವಿದ್ವಾಂಸರಾದ ಪೀಟರ್ ಲ್ಯಾಂಡಿನ್ನರು 1966ರಲ್ಲಿ ಪ್ರಕಟಿಸಿದ ಐಸ್ವಿಮ್ ಭಾಷೆಯಲ್ಲಿ ಬೇರೊಂದು ಮಾರ್ಗವು ಕಾಣುವುದು. ‘ರೆಕ್’ ಎಂಬ ಪದವು ಲಕ್ಷಣವು ತನ್ನನ್ನೇ ಆಶ್ರಯಿಸಬಹುದೆಂದು ಸಾರುವುದು. ‘ಆಂಡ್’ ಎಂಬುದು ಹಲವು ಲಕ್ಷಣಗಳನ್ನು ಏಕಕಾಲದಲ್ಲಿ ಘೋಷಿಸುವುದು. ಹೀಗೆ ಜೋಡಿಯನ್ನು ಒಂದೇ ವಸ್ತುವೆಂದು ಭಾವಿಸಿದರೆ ಅನ್ಯೋನ್ಯಾಶ್ರಯವು ಆತ್ಮಾಶ್ರಯವಾಗಿ ಮಾರ್ಪಡುತ್ತದೆ. ಎಡಿನ್‌ಬರೋದಲ್ಲಿ ರಾಬಿನ್ ಮಿಲ್ನರ್ ಮೊದಲಾದವರು 1970ರ ದಶಕದಲ್ಲಿ ರಚಿಸಿದ ಎಂ.ಎಲ್. ಭಾಷೆಯು ಈ ಮಾರ್ಗವನ್ನೇ ಅನುಸರಿಸಿತು.

ಎಂ.ಎಲ್. ಭಾಷೆಯಿಂದ ಹೊಸದೊಂದು ಪ್ರಶ್ನೆಯೂ ಹುಟ್ಟಿತು. ಅದರಲ್ಲಿ ಫಲನಗಳ ಜಾತಿಯನ್ನು ಯಂತ್ರವೇ ಊಹಿಸುವುದು; ಒಂದು ಗುಂಪಿನ ಫಲನಗಳೆಲ್ಲಕ್ಕೂ ಜಾತಿನಿರ್ಣಯವು ಒಟ್ಟಿಗೆ ಆಗತಕ್ಕದ್ದು. ಅನಾವಶ್ಯಕವಾಗಿ ಗುಂಪನ್ನು ಹಿಗ್ಗಿಸಿದರೆ ವ್ಯಾಪಕವಾಗಬೇಕಾದ ಜಾತಿಯು ಸಂಕುಚಿತವಾಗುವ ಸಂಭವವಿದೆ. ಆದಕಾರಣ 1990ರ ಹ್ಯಾಸ್ಕೆಲ್ ಭಾಷೆಯಲ್ಲಿ ಲಕ್ಷಣಗಳನ್ನು ಯಾವ ಕ್ರಮದಲ್ಲಿ ಬರೆದರೂ, ನಿಜವಾಗಿ ಪರಸ್ಪರಾಶ್ರಿತವಾದವುಗಳನ್ನು ಮಾತ್ರ ಭಾಷಾಂತರಕ ತಂತ್ರವೇ ಒಂದುಗೂಡಿಸುವುದು. ಇಂತಹ ವಿಂಗಡಣೆಗೆ ತಕ್ಕ ಶೀಘ್ರಕ್ರಮವನ್ನು ರಾಬರ್ಟ್ ಟಾರ್ಜನ್ನರು 1972ರಲ್ಲಿಯೇ ಪ್ರಕಟಿಸಿದ್ದರು.

ಮೇಲಿನ ವಿವರಗಳಿಂದ ಹೆಸರಿನ ತೊಡಕನ್ನು ಭಾಷೆಯೇ ಪರಿಹರಿಸಿತೆಂಬುದು ವ್ಯಕ್ತವಾಗುವುದು. ಸೊನ್ನೆಯವರೆಗೆ ಇಳಿಯುವ ದಾರಿಯನ್ನು ಈ ಯಾವ ಭಾಷೆಯೂ ಒದಗಿಸದು. ಅದು ಬರೆಯುವವನ ಹೊಣೆ. ಆ ದಾರಿ ತಪ್ಪಿದಲ್ಲಿ ನೈಯಾಯಿಕರು ಹೇಳಿದ ದೋಷವು ಹಾಗೆಯೇ ಉಳಿಯುವುದು.