ತರೆ, ಸರೆ, ಹರೆ: ತುಳು ನಿಘಂಟು ಮತ್ತು ಸಂಶೋಧನ ಕೇಂದ್ರದ ಕೆಲಸ

ಮಣಿಪಾಲದ ಗುಡ್ಡ ಇಳಿದರೆ ಅಲೆವೂರು. ಇಲ್ಲಿನ ಅಂಗಳದಲ್ಲಿ, ಗದ್ದೆಯ ಬದುವಿನಲ್ಲಿ ಆಡುವ ತುಳುವಿಗೆ ಪಕ್ಕದ ಉಡುಪಿಯಲ್ಲೇ ಆರು ಸಂಪುಟಗಳ ನಿಘಂಟು ಸಿದ್ಧವಾಯಿತು. ಎಂಜಿಎಂ ಕಾಲೇಜಿನ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರ 1979ರಲ್ಲಿ ಕೈಗೆತ್ತಿಕೊಂಡ ಯೋಜನೆಯ ಮೊದಲ ಸಂಪುಟ ಹೊರಬಂದದ್ದು 1988ರಲ್ಲಿ, ಕೊನೆಯದು 1997ರಲ್ಲಿ. ಪಾಠ ಹೇಳುವ ವಿಭಾಗಗಳಿರುವಾಗ ಬೇರೆ ಸಂಶೋಧನ ಕೇಂದ್ರ ಯಾಕೆ ಎಂದು ಕೇಳುವವರಿಗೆ ನಾನು ತೋರಿಸುವುದು ಈ ನಿಘಂಟನ್ನೇ.

ಅದಕ್ಕೂ ಮೊದಲು ನಮಗಿದ್ದ ದೊಡ್ಡ ಆಧಾರ ಮಂಗಳೂರಿನ ಬಾಸೆಲ್ ಮಿಶನ್ 1886ರಲ್ಲಿ ಅಚ್ಚು ಹಾಕಿದ ಮ್ಯಾನರ್ ಅವರ ತುಳು–ಇಂಗ್ಲಿಷ್ ನಿಘಂಟು. ಅದರ ಋಣ ದೊಡ್ಡದು. ಆದರೆ ಅದು ಮುಟ್ಟದೆ ಉಳಿದದ್ದೂ ಬಹಳ.

ತಲೆಗೆ ತುಳುವಿನಲ್ಲಿ ತರೆ ಎನ್ನುವವರಿದ್ದಾರೆ, ಸರೆ ಎನ್ನುವವರಿದ್ದಾರೆ, ಹರೆ ಎನ್ನುವವರೂ ಇದ್ದಾರೆ. ನೋಡುವುದಕ್ಕೆ ತೂಪಿನಿ, ಸೂಪಿನಿ, ಹೂಪಿನಿ. ಪ್ರದೇಶ, ಸಮುದಾಯ ಬದಲಾದಂತೆ ಅನೇಕ ಪದಗಳ ಮೊದಲಿನ ತಕಾರ ಹೀಗೆ ಸಕಾರವೋ ಹಕಾರವೋ ಆಗುತ್ತದೆ. ಬರೀ ಅಕಾರಾದಿ ಹಿಡಿದರೆ ಒಂದೇ ಪದ ಮೂರು ಕಡೆ ಚದುರುತ್ತದೆ. ಒಂದನ್ನೇ ಮುಖ್ಯ ಉಲ್ಲೇಖ ಮಾಡಿ ಸುಮ್ಮನಾದರೆ ಉಳಿದವರ ಮಾತು ತಪ್ಪು ಉಚ್ಚಾರ ಎನಿಸಿಬಿಡುತ್ತದೆ. ಯಾರು, ಯಾವ ಊರಲ್ಲಿ, ಯಾವ ಅರ್ಥದಲ್ಲಿ ಆಡುತ್ತಾರೆ ಎಂದು ಕೇಳಿ ಬರೆದುಕೊಂಡವರು ಮಾತ್ರ ಇದನ್ನು ಬಿಡಿಸಬಲ್ಲರು. ಅರುಣಾಬ್ಜನ ಮಹಾಭಾರತೊ, ವಿಷ್ಣುತುಂಗನ ಶ್ರೀ ಭಾಗವತೊದಂಥ ಹಳೆಯ ತುಳು ಕಾವ್ಯಗಳು ಬೆರಳೆಣಿಕೆಯವು. ಹಾಗಾಗಿ ಬಾಯಿಂದ ಬಾಯಿಗೆ ಬಂದ ಕಥನ ಹಾಡುಗಳಾದ ಪಾಡ್ದನ, ಗಾದೆ, ಕಸುಬಿನ ಮಾತುಗಳೇ ಮುಖ್ಯ ಆಕರವಾದವು. ಪ್ರಧಾನ ಸಂಪಾದಕ ಯು.ಪಿ. ಉಪಾಧ್ಯಾಯರ ಬಳಗ ರೂಪಭೇದಗಳನ್ನು ದಾಖಲಿಸಿ, ಕನ್ನಡ ಮತ್ತು ಇಂಗ್ಲಿಷಿನಲ್ಲಿ ಅರ್ಥ ಕೊಟ್ಟು, ಸೋದರ ದ್ರಾವಿಡ ಭಾಷೆಗಳ ಜ್ಞಾತಿಪದಗಳನ್ನೂ ಜೋಡಿಸಿತು. ಬೆನ್ನಿಗೆ ಕು.ಶಿ. ಹರಿದಾಸ ಭಟ್ಟರಂಥ ಸಂಘಟಕರಿದ್ದರು. ಮೂರು ವರ್ಷದ ಅನುದಾನಕ್ಕೆ ಕಟ್ಟುಬಿದ್ದ ಯೋಜನೆಯಾಗಿದ್ದರೆ ಇದು 'ಅ' ಅಕ್ಷರವನ್ನೂ ದಾಟುತ್ತಿತ್ತೋ ಇಲ್ಲವೋ.

ದೀರ್ಘಕಾಲ ನಿಲ್ಲುವ ಕೇಂದ್ರ ಬೇಕೆಂಬ ಈ ಮಾತು ಪ್ರಯೋಗಾಲಯಗಳಿಗೂ ಸಲ್ಲುತ್ತದೆ. 2018ರ ಮೇ ತಿಂಗಳಲ್ಲಿ ಕೋಯಿಕ್ಕೋಡಿನ ರೋಗಿಯ ಮಾದರಿಯಲ್ಲಿ ನಿಪಾ ವೈರಸ್ಸನ್ನು ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರ ಬೇಗನೆ ಗುರುತಿಸಿತು. ಪಳಗಿದ ಕೈಗಳು ಅಲ್ಲಿ ಮೊದಲೇ ಇದ್ದವು.

ನಿಘಂಟಿನ ಕೊನೆಯ ಸಂಪುಟ ಬಂದಲ್ಲಿಗೆ ಕೆಲಸ ಮುಗಿಯಿತು ಎಂದು ತಿಳಿಯುವುದನ್ನು ನಾನು ಒಪ್ಪಲಾರೆ. ತುಳುನಾಡಿನ ಮೂರು ಭತ್ತದ ಬೆಳೆಗಳು ಏಣೆಲು, ಸುಗ್ಗಿ, ಕೊಳಕೆ. ಏಣೆಲು ಇನ್ನೂ ಕಾಣುತ್ತದೆ, ಕೊಳಕೆ ಅಪರೂಪವಾಗಿದೆ. ಪದ ನಿಘಂಟಿನಲ್ಲಿ ಭದ್ರ. ಆದರೆ ಆ ಬೆಳೆಗೆ ನೀರು ಕಟ್ಟುವಾಗ, ಕಳೆ ಕೀಳುವಾಗ ಆಡುತ್ತಿದ್ದ ಮಾತುಗಳ ಪೂರ್ತಿ ಬಳಕೆ ಇರುವುದು ಆ ಗದ್ದೆಗಿಳಿದ ಹಿರಿಯರ ಬಾಯಲ್ಲಿ. ಅಲೆವೂರಿನಂಥ ಊರುಗಳಿಗೆ ಧ್ವನಿಮುದ್ರಣ ಯಂತ್ರ ಹಿಡಿದು ಸಂಶೋಧಕರು ಹೋಗಬೇಕಾದದ್ದು ಈಗಲೇ, ಆ ಹಿರಿಯರು ಮಾತಾಡಬಲ್ಲವರಾಗಿರುವಾಗಲೇ.